ಏಳು ಕಡ್ಡಿಯ ಕೊಡೆ ಮತ್ತು ಕಳುವಾದ ನನ್ನ ಬೆಕ್ಕು

ಟೀ ಶರ್ಟಿನ ಮೇಲೆ ನನ್ನ ಬೆಕ್ಕು ಮಲಗಿತ್ತು. ಒಬ್ಬರು ಫೋಟೋ ಕಳಿಸಿ, "ಇದು ನಿಮ್ಮ ಚಿತ್ರ ಅಲ್ವಾ? ತುಂಬ ಇಷ್ಟ ಆಯ್ತು, ಒಂದು ತರಿಸಿಕೊಂಡೆ" ಅಂದಿದ್ದರು. ಪಾಪ, ಅವರಿಗೆ ನನಗೆ ನೆರವಾದ ಖುಷಿ. ನಾನು ಜೀವಮಾನದಲ್ಲಿ ಒಂದು ಟೀ ಶರ್ಟನ್ನೂ ಮಾರಿರಲಿಲ್ಲ.

ತೆರೆದಿಟ್ಟ ಕೊಡೆಯೊಳಗೆ ಸುರುಳಿ ಸುತ್ತಿಕೊಂಡು ನಿದ್ದೆ ಹೊಡೆಯುವ ಬೆಕ್ಕು, ಅಷ್ಟೇ ಚಿತ್ರ. ಎರಡು ವರ್ಷದ ಹಿಂದೆ ಬರೆದದ್ದು. ಮಾರುವವರು ಅದನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿದ್ದರು. ಬಣ್ಣ ಸ್ವಲ್ಪ ಕೆಂಪಗಾಗಿತ್ತು. ಮೂಲೆಯಲ್ಲಿದ್ದ ನನ್ನ ಸಹಿ ಮಾಯ, ಅಲ್ಲೊಂದು ಒರೆಸಿದ ಮಸುಕು. ಆದರೆ ಕೊಡೆಗೆ ಏಳೇ ಕಡ್ಡಿ.

ಕಡ್ಡಿಯ ವಿಷಯ ಬಿಡಿಸಿ ಹೇಳುತ್ತೇನೆ. ಆ ಕೊಡೆಗೆ ಎಂಟು ಕಡ್ಡಿ ಇರಬೇಕಿತ್ತು. ಬಾಲದ ಹಿಂದೆ ಬರಬೇಕಾದ ಒಂದನ್ನು ನಾನು ಮರೆತಿದ್ದೆ. ಗೊತ್ತಾಗುವ ಹೊತ್ತಿಗೆ ಚಿತ್ರ ಹೊರಗೆ ಹೋಗಿ ವಾರವಾಗಿತ್ತು. ಯಾರೂ ಎಣಿಸಲಿಕ್ಕಿಲ್ಲ ಅಂತ ಸುಮ್ಮನಾದೆ. ಈಗ ಆ ತಪ್ಪೇ ನನ್ನ ಕೈಗೆ ಸಿಕ್ಕ ದೊಡ್ಡ ಸಾಕ್ಷಿ. ಬೆಕ್ಕನ್ನು ಯಾರು ಬೇಕಾದರೂ ಬರೆಯಬಹುದು, ಕೊಡೆಯನ್ನೂ ಬರೆಯಬಹುದು. ಅದೇ ಬಾಲದ ಹಿಂದೆ ಅದೇ ಕಡ್ಡಿಯನ್ನು ಮರೆಯುವುದು ಕಷ್ಟ. ನಕ್ಷೆ ಮಾಡುವವರು ಇದನ್ನು ಬೇಕಂತಲೇ ಮಾಡುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಒಂದು ರಸ್ತೆ ನಕ್ಷೆಯಲ್ಲಿ ಆಗ್ಲೋ ಅನ್ನುವ ಇಲ್ಲದ ಊರನ್ನು ಸೇರಿಸಿದ್ದರು. ಬೇರೆಯವರ ನಕ್ಷೆಯಲ್ಲೂ ಆ ಊರು ಬಂದರೆ ಕದ್ದದ್ದು ಗೊತ್ತಾಗಲಿ ಅಂತ. ನನ್ನದು ಉಪಾಯವಲ್ಲ, ಅಜಾಗರೂಕತೆ. ಆದರೂ ಕೆಲಸಕ್ಕೆ ಬಂತು.

ಕೆಲಸಕ್ಕೆ ಬರುವ ಮೊದಲು ನಾನು ಎಲ್ಲವನ್ನೂ ಕೆಡಿಸಿದೆ. ಅದೇ ರಾತ್ರಿ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು, ಅಂಗಡಿಯ ಹೆಸರು ಹಾಕಿ, ಕೋಪ ಬಂದಷ್ಟೂ ಬರೆದು ಎಲ್ಲರ ಮುಂದೆ ಇಟ್ಟೆ. ನೂರಾರು ಜನ ಹಂಚಿಕೊಂಡರು. ಒಂದು ದಿನ ತುಂಬ ಹಿತವಾಗಿತ್ತು. ಮರುದಿನ ಬೆಳಿಗ್ಗೆ ಆ ಅಂಗಡಿಯೇ ಇರಲಿಲ್ಲ. ಮೂರನೇ ದಿನ ಬೇರೆ ಹೆಸರಿನಲ್ಲಿ ಅದೇ ಟೀ ಶರ್ಟ್. ನನ್ನ ಹತ್ತಿರ ಉಳಿದದ್ದು ಕೈ ನಡುಗುವಾಗ ತೆಗೆದ ಅರ್ಧ ಸ್ಕ್ರೀನ್‌ಶಾಟ್. ಅದರಲ್ಲಿ ವಿಳಾಸವಿಲ್ಲ, ದಿನಾಂಕವಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. ಹೆಚ್ಚೂಕಡಿಮೆ ಅದೇ ಹೆಸರಿನ, ಈ ಕಥೆಗೆ ಸಂಬಂಧವೇ ಇಲ್ಲದ ಅಂಗಡಿಯೊಂದಕ್ಕೆ ನನ್ನ ಕಡೆಯವರು ಹೋಗಿ ಬೈದು ಬಂದಿದ್ದರು. ಅವರಿಗೆ ಕ್ಷಮೆ ಕೇಳಿ ಬರೆದ ಪತ್ರ ನಾನು ಈ ವಿಷಯದಲ್ಲಿ ಬರೆದ ಮೊದಲ ಪತ್ರ. ಕಳ್ಳನಿಗೆ ಬರೆದದ್ದು ಆಮೇಲೆ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಕದ್ದದ್ದು ಕಂಡರೆ ಯಾರಿಗೂ ಹೇಳುವುದಿಲ್ಲ. ಮೊದಲು ಪೂರ್ತಿ ಪುಟದ ಸ್ಕ್ರೀನ್‌ಶಾಟ್, ಮೇಲೆ ವಿಳಾಸ ಕಾಣುವ ಹಾಗೆ, ಕೆಳಗೆ ಗಡಿಯಾರ ಮತ್ತು ದಿನಾಂಕ ಕಾಣುವ ಹಾಗೆ. ಆಮೇಲೆ ಅದೇ ವಿಳಾಸವನ್ನು ವೇಬ್ಯಾಕ್ ಮಷೀನ್ ಅನ್ನುವ, ವೆಬ್ ಪುಟಗಳ ಪ್ರತಿಯನ್ನು ದಿನಾಂಕದ ಸಮೇತ ಕಾಪಿಡುವ ತಾಣಕ್ಕೆ ಕೊಟ್ಟು ಉಳಿಸುತ್ತೇನೆ. ಅಲ್ಲಿ ಉಳಿದರೆ ಅದು ನನ್ನ ಕಂಪ್ಯೂಟರಿನಲ್ಲಿ ನಾನೇ ತಿದ್ದಿದ ಚಿತ್ರ ಅಂತ ಯಾರೂ ಸುಲಭವಾಗಿ ಹೇಳಲಾರರು. ಕೆಲವು ಪುಟಗಳು ಅಲ್ಲಿ ಉಳಿಯುವುದಿಲ್ಲ, ಅದಕ್ಕೇ ಎರಡೂ ಮಾಡುವುದು. ಟೀ ಶರ್ಟ್ ಕೊಂಡವರು ಸಿಕ್ಕರೆ ಅವರ ರಸೀದಿಯ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳುತ್ತೇನೆ.

ನನ್ನ ಕಡೆಯ ಸಾಕ್ಷಿಗಾಗಿ ಒದ್ದಾಡಬೇಕಾಗಲಿಲ್ಲ. ಪದರ ಪದರವಾಗಿರುವ ಮೂಲ ಫೈಲ್ ಇತ್ತು, ಪೆನ್ಸಿಲ್ ಗೀಚು ಇತ್ತು, ಕಿವಿ ದೊಡ್ಡದಾಗಿ ಬಂದು ಬಿಟ್ಟುಬಿಟ್ಟ ಒಂದು ಪ್ರತಿಯೂ ಇತ್ತು. ಕದ್ದವರ ಹತ್ತಿರ ಇರುವುದು ಕೊನೆಯ ಚಿತ್ರ ಒಂದೇ. ಅದಕ್ಕೆ ಮೊದಲಿನ ಕೆಟ್ಟ ಚಿತ್ರಗಳು ಬರೆದವರ ಹತ್ತಿರ ಮಾತ್ರ ಇರುತ್ತವೆ. ಈಗ ನಾನು ಗೀಚಿದ ಕಸವನ್ನೂ ಎಸೆಯುವುದಿಲ್ಲ.

ಹಕ್ಕಿನ ವಿಷಯದಲ್ಲಿ ನನ್ನ ತಲೆಯಲ್ಲಿ ಅರ್ಧ ತಪ್ಪು ತಿಳುವಳಿಕೆ ತುಂಬಿತ್ತು. ಚಿತ್ರದ ಕೆಳಗೆ ಕಾಪಿರೈಟ್ ಗುರುತು ಹಾಕದಿದ್ದರೆ ಹಕ್ಕಿಲ್ಲ ಅಂದುಕೊಂಡಿದ್ದೆ. ಹಾಗಲ್ಲ. 1886ರ ಬರ್ನ್ ಒಪ್ಪಂದಕ್ಕೆ ಈಗ 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಅದರ ಪ್ರಕಾರ ಹಕ್ಕು ಹುಟ್ಟಲು ಗುರುತು, ಅರ್ಜಿ, ಮುದ್ರೆ ಏನೂ ಬೇಡ. ಕೃತಿಯ ಜೊತೆಗೇ ಹಕ್ಕೂ ಹುಟ್ಟುತ್ತದೆ, ಬರೆದವರ ಜೀವಿತಾವಧಿ ಮತ್ತು ಆಮೇಲೆ ಕನಿಷ್ಠ 50 ವರ್ಷ ಇರುತ್ತದೆ. ಚಿತ್ರವನ್ನು ಲಕೋಟೆಯಲ್ಲಿ ಹಾಕಿ ತನಗೆ ತಾನೇ ಅಂಚೆಯಲ್ಲಿ ಕಳಿಸಿಕೊಂಡರೆ ಸಾಕು ಅಂತ ಹೇಳುವವರಿದ್ದಾರೆ. ಅದು ನೋಂದಣಿಗೆ ಬದಲಿ ಅಲ್ಲ, ಅಂಚೆಚೀಟಿ ದಂಡ. ನೂರಕ್ಕೆ ಮೂವತ್ತು ಬದಲಾಯಿಸಿದರೆ ಕಳ್ಳತನವಲ್ಲ ಅನ್ನುವ ಮಾತನ್ನಂತೂ ಕದ್ದವರೇ ನನಗೆ ಬರೆದು ಕಳಿಸಿದ್ದಾರೆ. ಅಂಥ ಲೆಕ್ಕ ಯಾವ ಕಾನೂನಿನಲ್ಲೂ ನನಗೆ ಸಿಕ್ಕಿಲ್ಲ. ಬೆಕ್ಕನ್ನು ನೂರಕ್ಕೆ ಮೂವತ್ತು ಬದಲಾಯಿಸುವುದು ಹೇಗೆ, ಬಾಲ ಕತ್ತರಿಸುವುದಾ?

ಇನ್ನೊಂದು ಕಡೆ, ಕೆಲವು ಸಲ ಕೋಪ ನನ್ನದಾದರೂ ಹಕ್ಕು ನನ್ನದಾಗಿರಲಿಲ್ಲ. ಒಬ್ಬರು ಕೊಡೆಯೊಳಗೆ ನಾಯಿಮರಿ ಬರೆದರು. ನನ್ನ ಹಾಗೇ ದಪ್ಪ ಗೆರೆ, ಹಾಗೇ ಮಂಕು ನೀಲಿ. ಮೈಯೆಲ್ಲ ಉರಿಯಿತು. ಆದರೆ ಕೊಡೆಯಲ್ಲಿ ಪ್ರಾಣಿ ಮಲಗಿಸುವ ಯೋಚನೆಯನ್ನಾಗಲಿ, ನನ್ನ ಶೈಲಿಯನ್ನಾಗಲಿ ಕಾಪಿರೈಟ್ ಕಾಯುವುದಿಲ್ಲ. ಕಾಯುವುದು ನಾನು ಎಳೆದ ಚಿತ್ರವನ್ನು. ನಿಜ ಹೇಳಬೇಕೆಂದರೆ ಆ ದಪ್ಪ ಗೆರೆಯನ್ನು ನಾನೂ ಯಾರನ್ನೋ ನೋಡಿಯೇ ಕಲಿತದ್ದು. ಆ ನಾಯಿಯ ಕೊಡೆಗೆ ಎಂಟು ಕಡ್ಡಿ ಇದ್ದವು, ಎಣಿಸಿದೆ.

ಈಗ ನೋಟಿಸಿನ ಕಥೆ, ಅಂದರೆ ಕದ್ದ ಚಿತ್ರವನ್ನು ತೆಗೆಯಿರಿ ಅಂತ ಅದು ಇರುವ ತಾಣಕ್ಕೆ ಬರೆಯುವ ಪತ್ರ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಿಂದ ಈ ಪದ್ಧತಿ ಬಂತು. ದೊಡ್ಡ ದೊಡ್ಡ ತಾಣಗಳಲ್ಲಿ ಜಾಸ್ತಿ ಪಾಲು ಅಲ್ಲಿಯವೇ, ಹಾಗಾಗಿ ಬೇರೆ ದೇಶದ ಕಲಾವಿದರೂ ಇದನ್ನೇ ಬಳಸುತ್ತಾರೆ. ವಕೀಲರು ಬೇಕಿಲ್ಲ. ಬೇಕಾದದ್ದು ಇಷ್ಟು: ನನ್ನ ಕೃತಿ ಯಾವುದು, ಕದ್ದದ್ದು ಎಲ್ಲಿದೆ, ನನ್ನನ್ನು ಸಂಪರ್ಕಿಸುವುದು ಹೇಗೆ, ಈ ಬಳಕೆಗೆ ಅನುಮತಿ ಇಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಅನ್ನುವ ಮಾತು, ಬರೆದದ್ದು ಸರಿ ಮತ್ತು ಹಕ್ಕುದಾರರ ಪರ ಬರೆಯುವ ಅಧಿಕಾರ ನನಗಿದೆ ಅನ್ನುವ ಪ್ರಮಾಣ, ಕೊನೆಗೆ ಸಹಿ. ಆ ಅಧಿಕಾರದ ಮಾತು ಸುಳ್ಳಾದರೆ ಸುಳ್ಳು ಪ್ರಮಾಣದ ಶಿಕ್ಷೆ. ಸಹಿ ಟೈಪ್ ಮಾಡಿದ್ದಾದರೂ ನಡೆಯುತ್ತದೆ.

ನನ್ನ ಮೊದಲ ನೋಟಿಸು ಎರಡು ಪುಟ ಇತ್ತು. ಬೆಕ್ಕನ್ನು ಬರೆಯಲು ಎಷ್ಟು ರಾತ್ರಿ ನಿದ್ದೆಗೆಟ್ಟೆ ಅಂತೆಲ್ಲ ತೋಡಿಕೊಂಡಿದ್ದೆ. ಅಂಗಡಿಯ ಮುಖಪುಟದ ವಿಳಾಸ ಕೊಟ್ಟಿದ್ದೆ, ಟೀ ಶರ್ಟಿನ ಪುಟದ್ದಲ್ಲ. ಅರ್ಜಿ ವಾಪಸ್ ಬಂತು. ಎರಡನೆಯದು ಹತ್ತು ಸಾಲು. ಒಂದು ಪಕ್ಕ ನನ್ನ ಚಿತ್ರದ ವಿಳಾಸ, ಇನ್ನೊಂದು ಪಕ್ಕ ಅವರ ಪುಟದ ವಿಳಾಸ. ಕೆಳಗೆ ಒಂದೇ ವಾಕ್ಯ: ಚಿತ್ರವನ್ನು ಎಡಬಲ ತಿರುಗಿಸಲಾಗಿದೆ, ಎರಡರಲ್ಲೂ ಬಾಲದ ಹಿಂದೆ ಒಂದು ಕಡ್ಡಿ ಇಲ್ಲ. ಮೂರನೇ ದಿನಕ್ಕೆ ಪುಟ ಹೋಯಿತು. ಆ ಕಡೆ ಓದುವವರು ದಿನಕ್ಕೆ ಇಂಥವು ಎಷ್ಟೋ ನೋಡುತ್ತಾರೆ. ಅವರಿಗೆ ನನ್ನ ನೋವು ಬೇಡ, ವಿಳಾಸ ಬೇಕು.

ಪುಟ ಹೋದ ಮೇಲೆ ಎದುರಿನವರು ಇದು ತಪ್ಪು ಅಂತ ಮರುನೋಟಿಸು ಕೊಡಬಹುದು. ಕೊಟ್ಟರೆ, ನಾನು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಆ ಪುಟ ಮತ್ತೆ ಬರುತ್ತದೆ. ಪುಟ ಹೋದ ಮೇಲೆ ಎರಡು ವಾರ ನಾನು ದಿನಾ ಮೇಲ್ ನೋಡಿದ್ದೇ ನೋಡಿದ್ದು. ಏನೂ ಬರಲಿಲ್ಲ. ರಾಶಿಗಟ್ಟಲೆ ಕದಿಯುವವರಿಗೆ ವಾದಕ್ಕಿಂತ ಹೊಸ ಹೆಸರು ಅಗ್ಗ. ಒಂದು ಎಚ್ಚರ ಇಲ್ಲೇ ಹೇಳಿಬಿಡುತ್ತೇನೆ. ನೋಟಿಸಿನಲ್ಲಿ ಬರೆದ ಹೆಸರು, ವಿಳಾಸ ಎದುರಿನವರ ಕೈಗೂ ಹೋಗಬಹುದು. ಮೊದಲ ಸಲ ಮನೆಯ ವಿಳಾಸ ಬರೆದಿದ್ದೆ. ಈಗ ಬರೆಯುವುದಿಲ್ಲ. ಕೆಲಸಕ್ಕೆಂದೇ ಬೇರೆ ಮೇಲ್, ಬೇರೆ ಅಂಚೆ ವಿಳಾಸ ಇಟ್ಟುಕೊಂಡಿದ್ದೇನೆ.

ಒಂದು ಕಡೆ ಹೋಯಿತಲ್ಲ, ಉಳಿದ ಕಡೆ? ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡರಲ್ಲೂ ಚಿತ್ರ ಹಾಕಿ ಹುಡುಕಿದೆ. ಮೂಲ ಚಿತ್ರಕ್ಕೆ ಸಿಕ್ಕಿದ್ದು ಐದು. ಆಮೇಲೆ ಹೊಳೆಯಿತು, ನಾನೇ ಚಿತ್ರವನ್ನು ಎಡಬಲ ತಿರುಗಿಸಿ ಹಾಕಿದೆ. ಇನ್ನೂ ಒಂಬತ್ತು ಸಿಕ್ಕವು. ಬೆಕ್ಕಿನ ಮುಖವನ್ನಷ್ಟೇ ಕತ್ತರಿಸಿ ಹಾಕಿದಾಗ ಇನ್ನೆರಡು. ಹದಿನಾರು ಕಡೆ ನನ್ನ ಬೆಕ್ಕು ಮಲಗಿತ್ತು, ನನಗೆ ಮಾತ್ರ ನಿದ್ದೆಯಿಲ್ಲ.

ಹದಿನಾರನ್ನೂ ಅಟ್ಟಿಸಿಕೊಂಡು ಹೋಗಿದ್ದರೆ ಆ ತಿಂಗಳು ಒಂದು ಗೆರೆಯೂ ಎಳೆಯುತ್ತಿರಲಿಲ್ಲ. ಹಣ ಮಾಡುತ್ತಿದ್ದವರಿಗೆ ನೋಟಿಸು. ತಾಣ ಉತ್ತರ ಕೊಡದಿದ್ದರೆ, ಆ ತಾಣವನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಗೆ. ತಾಣದ ಹೆಸರಿನ ನೋಂದಣಿ ವಿವರ ತೋರಿಸುವ ಹೂಈಸ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸುಳಿವು ಸಿಗುತ್ತದೆ. ಅದೂ ಆಗದಿದ್ದರೆ ಹುಡುಕಾಟದ ಫಲಿತಾಂಶದಿಂದ ತೆಗೆಯಿರಿ ಅಂತ ಸರ್ಚ್ ಎಂಜಿನ್‌ಗೆ. ಪುಟ ಇರುತ್ತದೆ, ಹುಡುಕಿದವರಿಗೆ ಕಾಣುವುದಿಲ್ಲ. ಅರ್ಧ ಗೆಲುವು. ಪ್ರೊಫೈಲ್ ಚಿತ್ರ ಮಾಡಿಕೊಂಡವರನ್ನು ಬಿಟ್ಟುಬಿಟ್ಟೆ. ಒಂದು ಚಿಕ್ಕ ಪತ್ರಿಕೆ ಮುಖಪುಟಕ್ಕೆ ಹಾಕಿಕೊಂಡಿತ್ತು, ನನ್ನ ಹೆಸರನ್ನೂ ಹಾಕಿತ್ತು. ಹೆಸರು ಹಾಕಿದರೆ ಸಾಕು ಅಂತ ಅವರು ನಿಜಕ್ಕೂ ನಂಬಿದ್ದರು. ಅವರಿಗೆ ನೋಟಿಸು ಕಳಿಸದೆ ಬಿಲ್ ಕಳಿಸಿದೆ, ಜೊತೆಗೆ ನಾಲ್ಕು ಸಾಲಿನ ಮರ್ಯಾದೆಯ ಪತ್ರ. ದುಡ್ಡು ಬಂತು. ಮುಂದಿನ ಸಂಚಿಕೆಗೆ ಕೆಲಸವೂ ಬಂತು. ಆ ಹದಿನಾರರಲ್ಲಿ ನನಗೆ ಕಾಸು ಹುಟ್ಟಿದ್ದು ಅದೊಂದರಿಂದಲೇ.

ಇಷ್ಟೆಲ್ಲ ಕಲಿತ ಮೇಲೆ ಬಂತು ನೋಡಿ ನನ್ನ ಸರದಿ. ಒಂದು ನೋಟ್‌ಬುಕ್ ಮೇಲೆ ನನ್ನ ಹಳೆಯ ಗೂಬೆ ಕಂಡಿತು. ಕೈ ಪಳಗಿತ್ತು, ಅರ್ಧ ಗಂಟೆಯಲ್ಲಿ ನೋಟಿಸು ಹೋಯಿತು. ಸಂಜೆಗೆ ಉತ್ತರ. ಜಗಳವಿಲ್ಲ, ಬೈಗುಳವಿಲ್ಲ, ಒಂದು ಪಿಡಿಎಫ್ ಮಾತ್ರ. ಆರು ವರ್ಷದ ಹಿಂದೆ ಒಂದು ಪುಸ್ತಕಕ್ಕೆ ಚಿತ್ರ ಮಾಡಿಕೊಟ್ಟಾಗ ನಾನು ಸಹಿ ಹಾಕಿದ ಒಪ್ಪಂದ. ಎಲ್ಲ ಹಕ್ಕು, ಎಲ್ಲ ಮಾಧ್ಯಮ, ಎಲ್ಲ ದೇಶ, ಎಂದೆಂದಿಗೂ. ಕೊಂಡವರು ಅದನ್ನು ನೋಟ್‌ಬುಕ್‌ನವರಿಗೆ ಮಾರಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಮೊದಲ ದೊಡ್ಡ ಕೆಲಸ ಸಿಕ್ಕ ಖುಷಿಯಲ್ಲಿ ನಾನು ಆ ಕಾಗದವನ್ನು ಓದಿಯೇ ಇರಲಿಲ್ಲ. ನನ್ನ ಕೈಯಿಂದ ಬಂದ ಗೂಬೆ, ನನ್ನದಲ್ಲ.

ಅವತ್ತೇ ನೋಟಿಸು ಹಿಂದಕ್ಕೆ ಪಡೆದೆ, ಕ್ಷಮೆ ಕೇಳಿದೆ. ಗೊತ್ತಿದ್ದೂ ಸುಳ್ಳು ನೋಟಿಸು ಕೊಟ್ಟರೆ ನಷ್ಟ ಕಟ್ಟಿಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ನನಗೆ ಗೊತ್ತಿರಲಿಲ್ಲ ಅನ್ನುವುದು ನಿಜ, ಆದರೆ ನನ್ನ ಸಹಿಯೇ ನನಗೆ ಗೊತ್ತಿಲ್ಲ ಅಂತ ಹೇಳುವಾಗ ಮುಖ ಸಣ್ಣದಾಗುತ್ತದೆ. ಆ ವಾರ ಹಳೆಯ ಒಪ್ಪಂದಗಳನ್ನೆಲ್ಲ ತೆಗೆದು ಓದಿದೆ. ಇನ್ನೂ ಮೂರು ಚಿತ್ರ ಕೈಬಿಟ್ಟು ಹೋಗಿದ್ದವು. ಕಳ್ಳರು ಒಯ್ದದ್ದಕ್ಕಿಂತ ನಾನೇ ಕೊಟ್ಟದ್ದು ಹೆಚ್ಚು. ಈಗ ನನ್ನದೇ ಒಂದು ಪುಟದ ಒಪ್ಪಂದ ಇದೆ. ಯಾವ ಚಿತ್ರ, ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ, ಯಾವ ದೇಶಗಳಲ್ಲಿ. "ಎಂದೆಂದಿಗೂ" ಅನ್ನುವ ಪದ ಕಂಡರೆ ಬೆಲೆ ಬೇರೆ, ಇಲ್ಲವೇ ಕೆಲಸ ಬೇಡ.

ಉಳಿದ ಬದಲಾವಣೆಗಳು ಸಣ್ಣವು. ಹೊರಗೆ ಹಾಕುವ ಚಿತ್ರ 1,200 ಪಿಕ್ಸೆಲ್ ಅಗಲ ಮೀರುವುದಿಲ್ಲ. ಅದನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ನಾಲ್ಕು ಇಂಚು ಬರುತ್ತದೆ, ಟೀ ಶರ್ಟಿಗೆ ಸಾಲದು. ಈಗ ಹಿಗ್ಗಿಸುವ ಸಾಫ್ಟ್‌ವೇರ್ ಬಂದು ಇದೂ ಪೂರ್ತಿ ಕಾಯುವುದಿಲ್ಲ, ಆದರೆ ಹತ್ತಿರದಿಂದ ನೋಡಿದರೆ ರೋಮವೆಲ್ಲ ಮೇಣದ ಹಾಗೆ ಕಾಣುತ್ತದೆ. ಸಹಿ ಮೂಲೆಯಲ್ಲಿಲ್ಲ, ಬೆಕ್ಕಿನ ಹೊಟ್ಟೆಯ ಪಟ್ಟೆಯೊಳಗಿದೆ. ಫೈಲಿನೊಳಗೆ ಹೆಸರು ಬರೆಯುತ್ತೇನೆ, ಹಲವು ತಾಣಗಳು ಏರಿಸುವಾಗ ಅದನ್ನು ಅಳಿಸುತ್ತವೆ ಅಂತ ಗೊತ್ತಿದ್ದರೂ. ಮುಖ್ಯ ಚಿತ್ರಗಳನ್ನು ನೋಂದಣಿ ಮಾಡಿಸುತ್ತೇನೆ. ಹಕ್ಕು ಅದಿಲ್ಲದೆಯೂ ಇರುತ್ತದೆ, ಕೋರ್ಟಿಗೆ ಹೋಗುವ ದಿನ ಬಂದರೆ ನೋಂದಣಿ ಕೈ ಹಿಡಿಯುತ್ತದೆ. ಎಐ ನನ್ನ ಶೈಲಿಯನ್ನು ಕಲಿತು ನಕಲು ಮಾಡಲು ಅಡ್ಡಿಯಾಗಲಿ ಅಂತ ಶಿಕಾಗೋ ವಿಶ್ವವಿದ್ಯಾಲಯದವರು 2023ರಲ್ಲಿ ಕೊಟ್ಟ ಗ್ಲೇಜ್ ಅನ್ನುವ ಸಾಫ್ಟ್‌ವೇರನ್ನೂ ಚಿತ್ರಕ್ಕೆ ಹಚ್ಚುತ್ತೇನೆ. ಅದು ಶಾಶ್ವತ ಕಾವಲು ಅಂತ ಅವರೇ ಹೇಳಿಕೊಂಡಿಲ್ಲ.

ತಿಂಗಳಿಗೆ ಒಂದು ಬೆಳಿಗ್ಗೆ, ಎರಡು ಗಂಟೆ. ಹುಡುಕುವುದು, ಉಳಿಸುವುದು, ಹತ್ತು ಸಾಲು ಕಳಿಸುವುದು. ಎರಡು ಗಂಟೆ ಮುಗಿದರೆ ಎಷ್ಟೇ ಬಾಕಿ ಇದ್ದರೂ ಎದ್ದುಬಿಡುತ್ತೇನೆ.

ಮೊನ್ನೆ ಒಂದು ಪ್ರಕಾಶನದವರು ಆ ಬೆಕ್ಕನ್ನು ಕ್ಯಾಲೆಂಡರಿಗೆ ಕೇಳಿದರು, ಎರಡು ವರ್ಷಕ್ಕೆ. ಒಪ್ಪಂದವಾಯಿತು. ಅಲ್ಲಿಯ ಸಂಪಾದಕರು ಚಿತ್ರ ನೋಡಿ, ಕೊಡೆಗೆ ಒಂದು ಕಡ್ಡಿ ಕಮ್ಮಿ ಇದೆಯಲ್ಲ, ಸೇರಿಸಿ ಕೊಡುತ್ತೀರಾ ಅಂದರು. ಕೊನೆಗೂ ಎಣಿಸಿದವರು ಒಬ್ಬರು ಸಿಕ್ಕಿದರು! ಸೇರಿಸಿ ಕೊಟ್ಟೆ. ನನ್ನ ಹತ್ತಿರದ್ದು ಏಳು ಕಡ್ಡಿಯದೇ. ಇನ್ನು ಎಲ್ಲಾದರೂ ಎಂಟು ಕಡ್ಡಿಯ ಬೆಕ್ಕು ಕಂಡರೆ, ಅದು ಯಾವ ಕ್ಯಾಲೆಂಡರಿನಿಂದ ಎದ್ದು ಬಂದದ್ದು ಅಂತ ಹುಡುಕುವ ಕೆಲಸ ಇಲ್ಲ.