ಬೆಂಗ್ಳೂರಲ್ಲಿ ಕಥೆ ಓದಿ ಚರ್ಚೆ ಮಾಡೋ ಗುಂಪು ಸೇರೋದು ಹೇಗೆ

ಬರೆದಿದ್ದನ್ನ ಮನೇಲಿ ತೋರ್ಸಿದ್ರೆ "ಚೆನ್ನಾಗಿದೆ ಕಣೋ" ಅಂತಾರೆ, ಫ್ರೆಂಡ್ಸ್‌ಗೆ ವಾಟ್ಸಾಪ್ ಮಾಡಿದ್ರೆ ಒಂದು ಹೆಬ್ಬೆಟ್ಟು ಬರುತ್ತೆ, ಅದನ್ನ ನಂಬ್ಕೊಂಡು ಪತ್ರಿಕೆಗೆ ಕಳ್ಸಿದ್ರೆ ಆ ಕಡೆಯಿಂದ ಸದ್ದೇ ಇರಲ್ಲ. ಕಥೆ ಎಲ್ಲಿ ಕೈಕೊಡ್ತು ಅಂತ ಮುಖದ ಮೇಲೆ ಹೇಳೋ ನಾಲ್ಕು ಜನ ಬೇಕು ಅಂದ್ರೆ ಗುಂಪು ಸೇರ್ಲೇಬೇಕು.

ಇಂಥ ಗುಂಪುಗಳಿಗೆ ಬೋರ್ಡು ಇರಲ್ಲ, ಯಾರದೋ ಮನೆ ಟೆರೇಸಲ್ಲೋ ಕಬ್ಬನ್ ಪಾರ್ಕ್ ಮರದ ಕೆಳಗೋ ಐದಾರು ಜನ ಕೂತಿರ್ತಾರೆ ಅಷ್ಟೆ. ಹುಡುಕ್ಬೇಕಂದ್ರೆ ಪುಸ್ತಕ ಬಿಡುಗಡೆಗಳಿಗೆ ಹೋಗಿ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು (1915ರಿಂದ ಇದೆ), ಬಸವನಗುಡಿ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ, ಜೆ.ಸಿ. ರಸ್ತೆ ಕನ್ನಡ ಭವನದ ನಯನ ಸಭಾಂಗಣ, ಇಲ್ಲೆಲ್ಲ ಒಂದಲ್ಲ ಒಂದು ಕಾರ್ಯಕ್ರಮ ನಡೀತಾನೇ ಇರುತ್ತೆ. ವೇದಿಕೆ ಮೇಲಿರೋರನ್ನ ಬಿಟ್ಹಾಕಿ, ತಿಂಡಿ ಕ್ಯೂನಲ್ಲಿ ಪಕ್ಕ ನಿಂತೋರನ್ನ "ನೀವೂ ಬರೀತೀರಾ ಸರ್, ಎಲ್ಲಾದ್ರೂ ಸೇರಿ ಓದ್ತೀರಾ" ಅಂತ ಕೇಳಿ. ಹಾಂ, ಮನೆಯಿಂದ ಮೆಟ್ರೋ ಹತ್ತಿದ್ರೆ ನೇರ ತಲುಪೋ ಜಾಗದ ಗುಂಪೇ ನೋಡ್ಕೊಳ್ಳಿ, ವೈಟ್‌ಫೀಲ್ಡಲ್ಲಿದ್ದು ಶನಿವಾರ ಸಂಜೆ ಬನಶಂಕರಿಗೆ ಕಾರಲ್ಲಿ ಹೋಗ್ತೀನಿ ಅನ್ನೋ ಉತ್ಸಾಹ ಎರಡು ತಿಂಗಳೂ ಬಾಳಲ್ಲ.

ಮೊದಲ ಒಂದೆರಡು ಸಲ ನಿಮ್ಮ ಕಥೆ ತಗೊಂಡು ಹೋಗ್ಬೇಡಿ. ಈ ಮಾತನ್ನ ಯಾರೂ ಕೇಳಲ್ಲ, ಎಲ್ರೂ ಮೊದಲ ದಿನಾನೇ ಹದಿನೈದು ಪುಟ ಹಿಡ್ಕೊಂಡು ಬರ್ತಾರೆ. ಬೇರೆಯವ್ರ ಕರಡು ಓದಿ, ಪೆನ್ಸಿಲಲ್ಲಿ ಗುರುತು ಮಾಡ್ಕೊಂಡು ಹೋಗಿ. ಮಾತಾಡೋವಾಗ "ಯಾಕೋ ಟಚ್ ಆಗ್ಲಿಲ್ಲ" ಅಂದ್ರೆ ಬರೆದೋರಿಗೆ ಏನೂ ಸಿಗಲ್ಲ. "ಮೂರನೇ ಪುಟದಲ್ಲಿ ಅಜ್ಜಿ ತೀರ್ಕೊಂಡ್ರು, ಐದನೇ ಪುಟದಲ್ಲಿ ಸೊಸೆ ಒಳಗಿನ ಕೋಣೆಗೆ ಕಾಫಿ ತಗೊಂಡು ಹೋಗ್ತಾಳಲ್ಲ, ಅದು ಯಾರಿಗೆ?" ಅಂತ ಕೇಳಿ ನೋಡಿ, ಅವ್ರು ಅಲ್ಲೇ ಪೆನ್ನು ತೆಗೀತಾರೆ. ಹೀಗೆ ಓದೋರು ಅಂತ ಗೊತ್ತಾದ್ರೆ ನಿಮ್ಮ ಕಥೇನೂ ಅಷ್ಟೇ ಶ್ರದ್ಧೆಯಿಂದ ಓದ್ತಾರೆ.

ನಿಮ್ಮ ಸರದಿ ಬಂದಾಗ ಫೈಲು ಒಂದು ವಾರ ಮುಂಚೆ ಕಳ್ಸಿ, ಯೂನಿಕೋಡಲ್ಲೇ (ಅಂದ್ರೆ ಮೊಬೈಲಲ್ಲೂ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಅಕ್ಷರದಲ್ಲಿ) ಕಳ್ಸಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ರೆ ಮೊಬೈಲಲ್ಲಿ ತೆಗೆದೋರಿಗೆ ಕನ್ನಡದ ಬದಲು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ, ಪಾಪ ಯಾರೂ ಹೇಳಲ್ಲ, ಓದದೇನೇ ಬಂದು ತಲೆ ಆಡಿಸ್ತಾರೆ. ನುಡಿಯಿಂದ ಯೂನಿಕೋಡಿಗೆ ಕನ್ವರ್ಟ್ ಮಾಡಿದ್ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದ್ಯಾ ಅಂತ ಒಂದ್ಸಲ ಕಣ್ಣಾಡಿಸಿ. ಚರ್ಚೆ ನಡೀವಾಗ ಬಾಯಿ ಮುಚ್ಕೊಂಡು ಬರ್ಕೊಳ್ಳಿ, "ನಾನು ಹೇಳ್ಬೇಕು ಅಂದ್ಕೊಂಡಿದ್ದು ಏನಪ್ಪಾ ಅಂದ್ರೆ" ಅಂತ ಶುರು ಮಾಡಿದ್ರೆ ಮುಗೀತು, ಅವ್ರು ಕಥೆ ಬಿಟ್ಟು ನಿಮಗೆ ಸಮಾಧಾನ ಹೇಳೋಕೆ ನಿಂತ್ಕೋತಾರೆ.

ಒಂದು ವಿಷಯಕ್ಕೆ ಮಾತ್ರ ಬಗ್ಗಬೇಡಿ. ನೀವು ಧಾರವಾಡದವ್ರೋ ಕುಂದಾಪುರದವ್ರೋ ಕೋಲಾರದವ್ರೋ ಆಗಿದ್ರೆ, ಪಾತ್ರಗಳು ನಿಮ್ಮೂರ ಮಾತೇ ಆಡ್ತಿದ್ರೆ, ಗುಂಪಲ್ಲಿ ಯಾರಾದ್ರೂ ಒಬ್ರು ಅದನ್ನ ಪುಸ್ತಕದ ಕನ್ನಡಕ್ಕೆ "ತಿದ್ದಿ" ಕೊಡ್ತಾರೆ. ಅರ್ಥ ಆಗ್ಲಿಲ್ಲ ಅಂದ್ರೆ ಯಾವ ಸಾಲು ಅಂತ ಕೇಳಿ, ಆ ಸಾಲು ನೋಡಿ. ಸುಮ್ನೆ "ಶುದ್ಧ" ಮಾಡೋಕೆ ಬಂದ್ರೆ ಥ್ಯಾಂಕ್ಸ್ ಸರ್ ಅಂದು ಹಾಗೇ ಇಟ್ಕೊಳ್ಳಿ.

ಕೆಲವು ಗುಂಪುಗಳಲ್ಲಿ ಹಿರಿಯರೊಬ್ರೇ ಒಂದು ಗಂಟೆ ಮಾತಾಡಿ ಎದ್ದು ಹೋಗ್ತಾರೆ, ಇನ್ನು ಕೆಲವು ಕಡೆ ಎಲ್ರೂ ಎಲ್ರನ್ನೂ ಹೊಗಳ್ಕೊಂಡು ಕಾಫಿ ಕುಡೀತಾರೆ. ಎರಡೂ ಕಡೆ ಜಗಳ ಆಡ್ಬೇಡಿ, ಟೈಮ್ ಆಗ್ತಿಲ್ಲ ಅಂತ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ ಹೊರಗೆ ಬನ್ನಿ. ಬರೋವಾಗ ಅಲ್ಲಿ ನಿಮ್ಮ ಕಥೇನ ಸರಿಯಾಗಿ ಓದಿದ್ದ ಒಬ್ರ ನಂಬರ್ ಇಸ್ಕೊಂಡು, ಮುಂದಿನ ಕರಡು ಅವ್ರಿಗೇ ಕಳ್ಸಿ.