‘ಪುರುಷ, 50–60’ ಅಂದಲ್ಲಿಗೇ ಟೇಪ್ ಕಳಿಸಿದೆ

ನನಗೀಗ 56. ಹಾಸನದಲ್ಲಿ ಹವ್ಯಾಸಿ ನಾಟಕ ಮಾಡಿಕೊಂಡಿದ್ದವಳು. ಸೀರಿಯಲ್ಲಿಗೆ ಅಲೆಯಲು ಶುರು ಮಾಡಿದ್ದು ಐವತ್ತೊಂದಕ್ಕೆ.

ಮೊದಲ ಲುಕ್ ಟೆಸ್ಟಿನಲ್ಲಿ, ಅಂದರೆ ಪಾತ್ರಕ್ಕೆ ಮುಖ ಹೊಂದುತ್ತದಾ ಅಂತ ನೋಡುವಾಗ, ‘ಅಮ್ಮನಿಗೆ ವಯಸ್ಸು ಜಾಸ್ತಿ ಆಯ್ತು, ಅಜ್ಜಿಗೆ ಸಾಲದು’ ಅಂದರು. ಕೂದಲಿಗೆ ಬಣ್ಣ ಹಚ್ಚಿಕೊಂಡು ಇನ್ನೊಂದು ಕಡೆ ಹೋದೆ. ಅಮ್ಮನ ಪಾತ್ರ ಸಿಕ್ಕಿತು. ಮಗನಾಗಿದ್ದವರಿಗೆ 38, ಗಂಡನಾಗಿದ್ದವರಿಗೆ 63. ಅವರ ಬಿಳಿ ಗಡ್ಡವನ್ನು ಕಪ್ಪು ಮಾಡಿ ಅಂತ ಯಾರೂ ಅನ್ನಲಿಲ್ಲ. ನನಗೆ ದಿನಕ್ಕೆ 2,500, ಅವರಿಗೆ ಅದರ ಎರಡರಷ್ಟಕ್ಕಿಂತ ಮೇಲೆ. ಹದಿನೆಂಟು ದಿನ ಅಡುಗೆಮನೆ ಸೆಟ್ಟಿನಲ್ಲಿ ನಿಂತು ಅತ್ತೆ. ಹತ್ತೊಂಬತ್ತನೇ ದಿನ ಫೋಟೊಗೆ ಹಾರ ಹಾಕಿದರು! ದುಡ್ಡು ಬರಲು ಮೂರು ತಿಂಗಳಾಯಿತು. ವಯಸ್ಸಿನ ಈ ಲೆಕ್ಕ ಹೊಸದೇನಲ್ಲ ಬಿಡಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ಜೋಡಿಯಾಗಿದ್ದ ಪಂಡರಿಬಾಯಿ ಮುಂದೆ ಅವರಿಗೇ ತಾಯಿಯಾದರಲ್ವಾ.

ಕಳಕೊಂಡದ್ದು ಕಮ್ಮಿಯೇನಲ್ಲ. ಪೋರ್ಟ್‌ಫೋಲಿಯೊ ಅಂತ ಫೋಟೊ ತೆಗೆಸಿದ್ದಕ್ಕೆ ಹದಿನಾಲ್ಕು ಸಾವಿರ. ಪಾತ್ರ ಕೊಡಿಸುವ ಒಬ್ಬ ಕೋಆರ್ಡಿನೇಟರ್ ನುಂಗಿದ್ದು ಎಂಟು ಸಾವಿರ. ಸೀರೆಯ ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ಮನೆಯಲ್ಲಿ ಜಗಳ.

ನಡುವೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ನಮ್ಮ ತಂಡದ, ನನಗಿಂತ ಐದು ವರ್ಷ ದೊಡ್ಡ ಗಂಡಸೊಬ್ಬರು ಮತ್ತು ನಾನು ಒಂದೇ ದಿನ, ಒಂದೇ ಜನಕ್ಕೆ ಫೋಟೊ ಕಳಿಸಿದೆವು. ಅವರಿಗೆ ನಾಲ್ಕು ಕರೆ ಬಂತು: ಜಡ್ಜು, ಎಮ್ಮೆಲ್ಲೆ, ಡಾಕ್ಟರು, ನಾಯಕನ ಅಪ್ಪ. ನನಗೆ ಬಂದದ್ದು ಒಂದು. ಹಾಸಿಗೆ ಹಿಡಿದ ಅಜ್ಜಿ.

ಆಗ ಹೊಳೆಯಿತು. ಪಾತ್ರಕ್ಕೆ ಜನ ಹುಡುಕುವ ವಾಟ್ಸಾಪ್ ಗುಂಪುಗಳಲ್ಲಿ ‘ಪುರುಷ, 50–60’ ಅಂತ ಬರುವ ಪಾತ್ರಗಳಿಗೇ ಟೇಪ್, ಅಂದರೆ ನಟಿಸಿ ತೋರಿಸುವ ವಿಡಿಯೊ, ಕಳಿಸತೊಡಗಿದೆ. ‘ಅಕ್ಕಾ, ಅಲ್ಲಿ ಪುರುಷ ಅಂತಿದೆ, ಕನ್ನಡಕ ಹಾಕ್ಕೊಳ್ಳಿ’ ಅಂತ ತಂಡದ ಹುಡುಗ ನಕ್ಕ. 2021ರ ಕೊನೆಗೆ ‘ಪುಟ್ಟಕ್ಕನ ಮಕ್ಕಳು’ ಶುರುವಾಗಿ, ಅರವತ್ತು ದಾಟಿದ ಉಮಾಶ್ರೀ ಮೆಸ್ ನಡೆಸಿಕೊಂಡು ಇಡೀ ಕಥೆ ಹೊತ್ತದ್ದನ್ನು ನೋಡಿದ್ದೆನಲ್ಲ, ಧೈರ್ಯವಿತ್ತು.

ಹತ್ತು ಹನ್ನೆರಡು ಟೇಪಿಗೆ ಉತ್ತರವೇ ಇಲ್ಲ. ಒಂದನ್ನು ಗಂಡು ದನಿಯಲ್ಲಿ ಮಾಡಿದ್ದೆ, ಥೂ, ಅದನ್ನು ಅಳಿಸಿಬಿಟ್ಟೆ. ಆಮೇಲೆ ‘ಮಂಡಿ ಸಾಹುಕಾರ’ ಅಂತ ಒಂದು ಬಂತು. ಹಾಸನದವಳಿಗೆ ಆಲೂಗಡ್ಡೆ ಮಂಡಿ ಹೇಳಿಕೊಡಬೇಕಾ? ಬಣ್ಣವಿಲ್ಲದ ಬಿಳಿ ತಲೆಯಲ್ಲೇ, ಗೋಣಿಚೀಲದ ಮೇಲೆ ಕೂತು, ಹಮಾಲಿ ಕೂಲಿ ಚೌಕಾಸಿ ಮಾಡುವ ಒಂದೂವರೆ ನಿಮಿಷ. ಖರ್ಚು ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡಿನ ಆರುನೂರು. ಮೊದಲ ಹತ್ತು ಸೆಕೆಂಡಿನಲ್ಲಿ ಏನು ಮಾಡಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ವಯಸ್ಸಿನ ಜಾಗದಲ್ಲಿ ಏನು ಹಾಕಿದೆ ಅನ್ನುವುದನ್ನೂ.

ಎರಡನೇ ದಿನವೇ ಫೋನು. ‘ಹೆಂಗಸು ಮಾಡಿದ್ರೇ ಚೆನ್ನಾಗಿದೆ ಮೇಡಂ, ಡೈಲಾಗ್ ಏನೂ ಬದಲಾಯಿಸಲ್ಲ.’ ಮೂರು ದಿನದ ಪಾತ್ರ ನಲವತ್ತು ದಿನ ಓಡಿತು. ದಿನಕ್ಕೆ 4,000 ಕೇಳಿದೆ, 3,500ಕ್ಕೆ ನಿಂತಿತು. ಬೆಳಗಿನ ರೈಲು ಹಿಡಿದರೆ ಶೂಟಿಂಗಿಗೆ ಕರೆದ ಹೊತ್ತು ತಪ್ಪುತ್ತದೆ, ಹಾಗಾಗಿ ಹಿಂದಿನ ರಾತ್ರಿಯೇ ಬೆಂಗಳೂರಲ್ಲಿ ತಂಗಿ ಮನೆ.

ನಕ್ಕಿದ್ದ ಹುಡುಗ ಈಗ ನನ್ನ ಕ್ಯಾಮೆರಾಮನ್. ಹೋದ ವಾರ ‘ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಪುರುಷ’ ಅಂತ ಬಂದಿತ್ತು, ಕಳಿಸಿದ್ದೇವೆ. ಬ್ಲೂ ಟಿಕ್ ಬಿದ್ದಿದೆ.