ಬೈಬಲಿನ ಕೀರ್ತನೆ 13, ಜೋಳದ ರೊಟ್ಟಿ: ಪರೇಲ್‌ನಲ್ಲಿ ನನ್ನ ಅನುಭವ

"ಕಷ್ಟದಲ್ಲಿ ಇರೋರ ಹತ್ರ ಸಂತೋಷದ ಮಾತಾ? ಬೈದು ಕಳಿಸ್ತಾರೆ" ಎಂದು ನಮ್ಮ ಚರ್ಚಿನ ಸಭೆಯಲ್ಲಿ ತುಂಬಾ ಜನ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ಮುಂಬೈಯ ಪರೇಲ್‌ನಲ್ಲಿರೋ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ನನ್ನ ಜೊತೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಯಜಮಾನರು ತೀರಿಕೊಂಡಾಗ ಡೊಂಬಿವಲಿ ಮನೆಗೆ ಬಂದವರೆಲ್ಲ ಫಿಲಿಪ್ಪಿ 4:4, ಯಾವಾಗಲೂ ಕರ್ತನಲ್ಲಿ ಸಂತೋಷಪಡಿರಿ ಅನ್ನೋ ವಚನ, ಓದಿ ಹೋದರು. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ ಕೂತು, ನಿಜ. ಆದರೂ ನನಗೆ ಒಳಗೆ ಇಳಿಯಲಿಲ್ಲ. ಇಳಿದದ್ದು ಕೀರ್ತನೆ 13. ಆರೇ ವಚನ. ಮೊದಲೆರಡರಲ್ಲಿ ಎಷ್ಟು ದಿನ ನನ್ನನ್ನು ಮರೆತಿರ್ತೀಯ ಅಂತ ದೇವರನ್ನೇ ಕೇಳೋದು, ಆಮೇಲೆ ಬೇಡಿಕೆ, ಹಾಡು ಬರೋದು ಕೊನೆಗೆ. ನಾನು ಆ ಮೊದಲೆರಡರಲ್ಲೇ ತಿಂಗಳುಗಟ್ಟಲೆ ನಿಂತೆ, ಮನೆಯಲ್ಲಿ ಯಾರೂ ಇಲ್ಲದಾಗ ಜೋರಾಗಿಯೇ ಕೇಳ್ತಿದ್ದೆ. ಒಂದು ದಿನ ಪಾತ್ರೆ ತೊಳೀತಾ ಹಾಡು ತಾನಾಗೇ ಬಾಯಿಗೆ ಬಂತು. ದುಃಖ ಇವತ್ತಿಗೂ ಹೋಗಿಲ್ಲ. ಆದರೆ ಕರ್ತನು ಕೈಬಿಟ್ಟಿಲ್ಲ ಅನ್ನೋ ಸಂತೋಷ ಅದರ ಜೊತೆಗೇ ಇದೆ.

ಇದನ್ನು ಬೇರೆಯವರಿಗೆ ಮುಟ್ಟಿಸೋದರಲ್ಲಿ ದುಡ್ಡು ಸುಮಾರು ಹೋಯಿತು. ಟಾಟಾ ಆಸ್ಪತ್ರೆಗೆ ಕಲಬುರಗಿ, ವಿಜಯಪುರ ಕಡೆಯಿಂದ ಬರೋರು ಇದ್ದಾರೆ, ಅವರಿಗಾಗಿ ಕರಪತ್ರ ಅಚ್ಚು ಹಾಕಿಸಿದೆ, ಹತ್ತಿರ ಹತ್ತಿರ 4,000 ರೂಪಾಯಿ. ಫುಟ್‌ಪಾತ್ ಮೇಲೆ ಹಾಸಿಕೊಂಡು ಕೂತರು. ಸ್ಪೀಕರ್ 1,800 ಇರಬೇಕು, ಹಾರ್ನ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಹಣ್ಣು ಒಯ್ದರೆ, ಕೀಮೋ ನಡೀತಿದೆ, ಡಾಕ್ಟರು ಬೇಡ ಅಂದಿದ್ದಾರೆ ಅಂದರು. ಕೊನೆಗೆ ಕೈ ಹಿಡಿದದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ರೋಗಿಗೆ ಅಲ್ಲ, ಬಾಯಿ ಹುಣ್ಣಾದವರು ರೊಟ್ಟಿ ತಿನ್ನಕ್ಕಾಗಲ್ಲ. ಜೊತೆಗೆ ಬಂದವರಿಗೆ. ಅವರನ್ನು ಯಾರೂ ಊಟ ಆಯ್ತಾ ಅಂತ ಕೇಳೋದಿಲ್ಲ. ಹಿಟ್ಟು, ಗ್ಯಾಸು, ಟ್ರೇನು ಎಲ್ಲ ಸೇರಿ ವಾರಕ್ಕೆ 400ರ ಒಳಗೇ ಮುಗಿಯುತ್ತದೆ.

ರೊಟ್ಟಿ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತ್ಕೋತೀನಿ. ಆಮೇಲೆ ಒಂದು ಪ್ರಶ್ನೆ ಕೇಳ್ತೀನಿ. ಅದನ್ನು ಇಲ್ಲಿ ಬರೆಯಲ್ಲ, ಜೊತೆಗೆ ಬಂದರೆ ಗೊತ್ತಾಗುತ್ತೆ.

ಇಂಡಿ ಕಡೆಯ ಅಜ್ಜಿಯೊಬ್ಬರು, ಮೊಮ್ಮಗನ ಜೊತೆ ಬಂದವರು, ರೊಟ್ಟಿ ಮುರಿದು ಅರ್ಧ ನನ್ನ ಕೈಗೇ ಇಟ್ಟರು. "ನೀನೂ ತಿನ್ನವ್ವಾ, ನೀನೂ ಅತ್ತಂಗ ಕಾಣ್ತದ." ನನ್ನ ಕಥೆ ಹೇಳಿ ಆ ಎರಡು ವಚನ ಓದಿದೆ. "ನಿಮ್ಮ ದೇವರಿಗೆ ಹಿಂಗೆಲ್ಲಾ ಕೇಳಬೌದಾ?" ಅಂದರು. ಕೇಳಬಹುದು ಅಂದೆ. ಅವರು ಅತ್ತರು, ನಾನೂ ಅತ್ತೆ. ಅವತ್ತು ಅಷ್ಟೇ. ಉಳಿದದ್ದು ಓದು ಅಂತ ಮುಂದಿನ ವಾರ ಅವರೇ ಕೇಳಿದರು. ಅದಾದ ಮೇಲೆ ನಾನು ಹೋಗೋಷ್ಟರಲ್ಲಿ ಪಕ್ಕದ ಹೆಂಗಸಿಗೆ ಹೇಳ್ತಾ ಇದ್ದರು, "ಮೊದಲ ದೇವರ ಕೂಡ ಜಗಳಾ ತೆಗಿ, ಹಾಡು ಆಮ್ಯಾಲ ಬರ್ತದ." ಇಷ್ಟು ಚೆನ್ನಾಗಿ ನಮ್ಮ ಸಭೆಯ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ!

ಕೀರ್ತನೆ 88 ಕೂಡ ಓದಿ ನೋಡಿದೆ. ಅದು ಕತ್ತಲಲ್ಲೇ ಮುಗಿಯುತ್ತೆ, ಹಾಡಿಗೆ ತಿರುಗೋದೇ ಇಲ್ಲ. ಚಿಕಿತ್ಸೆ ನಡೀತಿರೋರಿಗೆ ಭಾರವಾಯಿತು, ಕಳಕೊಂಡವರು ಮಾತ್ರ ಇನ್ನೊಮ್ಮೆ ಓದಿ ಅಂದರು.

ವಾಸಿಯಾಗುತ್ತೆ ಅಂತ ಯಾರಿಗೂ ಮಾತು ಕೊಡಬೇಡಿ, ಅದು ನಮ್ಮ ಕೈಯಲ್ಲಿಲ್ಲ. ಸಭೆಗೆ ಬನ್ನಿ ಅಂತ ನಾನಾಗಿ ಕರೆಯೋದಿಲ್ಲ. ಯೇಸುವಿನ ಬಗ್ಗೆ ಕೇಳಿದವರಿಗೆ ಮಾತ್ರ ಮನಸ್ಸು ಬಿಚ್ಚಿ ಹೇಳ್ತೀನಿ, ಕೇಳೋರು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಬರೋ ಮನಸ್ಸಿದ್ದವರು ಶನಿವಾರ ಬೆಳಿಗ್ಗೆ ಬನ್ನಿ. ರೊಟ್ಟಿ ನಾನು ತರ್ತೀನಿ, ಮಜ್ಜಿಗೆ ನೀವು ತನ್ನಿ.